ಇಪ್ಪತ್ತೆರಡು ಬೋರಿನ ಸುಬೇದಾರರು

ಹೋದ ತಿಂಗಳು ನಮ್ಮ ಮನೆಯ ಮುಂಬಾಗಿಲಿನ ಕೀಲು ಕಿರುಗುಟ್ಟತೊಡಗಿತು. ಚನ್ನಗಿರಿಯಲ್ಲಿ ಈಗ ಒಂದು ಕೀಲಿಗೆಂದು ಯಾರೂ ಮನೆಗೆ ಬರುವುದಿಲ್ಲ. ಬಂದವರೂ ಬಾಗಿಲನ್ನೇ ಬದಲಾಯಿಸಿಬಿಡಿ ಎಂದು ಸಲಹೆ ಕೊಟ್ಟು ಹೋಗುತ್ತಾರೆ. ಹಾಗಾಗಿ ನನ್ನ ಹೆಂಡತಿ ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಬಾಟಲಿಯನ್ನು ತಂದು ನನ್ನ ಕೈಗಿಟ್ಟು, ನಿವೃತ್ತ ಶಿರಸ್ತೇದಾರನಿಂದ ಆಗಬಹುದಾದ ಕೆಲಸ ಇದೊಂದೇ ಎನ್ನುವ ಮುಖ ಮಾಡಿ ಒಳಗೆ ಹೋದಳು. ನಾಲ್ಕು ಹನಿ ಬಿಟ್ಟೆ. ಕೀಲು ಸುಮ್ಮನಾಯಿತು. ಬೆರಳಿಗಂಟಿದ ಎಣ್ಣೆಯನ್ನು ಪಂಚೆಗೆ ಒರೆಸಿಕೊಳ್ಳುವ ಮೊದಲು ಯಾಕೋ ಮೂಗಿನ ಹತ್ತಿರ ಹಿಡಿದೆ... ಅಷ್ಟೇ. ಬಾಗಿಲ ಬಳಿ ನಿಂತಿದ್ದವನು ನ್ಯಾಮತಿಯ ಒಂದು ಮನೆಯ ಜಗಲಿಯ ಮೇಲಿದ್ದೆ. ಹಳೆಯ ಬನಿಯನ್ನಿನ ಚಿಂದಿಗೆ ಇದೇ ಎಣ್ಣೆ ಹಚ್ಚಿ ರೈಫಲ್ಲಿನ ನಳಿಗೆ ಒರೆಸುತ್ತಿದ್ದ ಸುಬೇದಾರರು, ತಲೆ ಎತ್ತದೆ, “ಬಾ ತಮ್ಮಾ. ಬಂದೂಕು ದಾಟಬೇಡ, ಸುತ್ತಿ ಬಾ” ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಹೊನ್ನಾಳಿ ತಾಲ್ಲೂಕು ಕಚೇರಿಯಲ್ಲಿ ಬಂದೂಕು ಲೈಸೆನ್ಸ್ ವಿಭಾಗದ ಗುಮಾಸ್ತ. ಹಂದಿ ಹೆದರಿಸುವ ಕೇಪಿನ ಕೋವಿಯಿಂದ ಹಿಡಿದು ಗೌಡರ ಮನೆಯ ಜೋಡುನಳಿಗೆಯವರೆಗೆ ತಾಲ್ಲೂಕಿನ ಅಷ್ಟೂ ಆಯುಧಗಳು ನನ್ನ ದಪ್ಪ ರಿಜಿಸ್ಟರಿನಲ್ಲಿ ಸಾಲಾಗಿ ನಿಂತಿದ್ದವು. ಅಷ್ಟೊಂದು ವಿಧೇಯ ಸೈನ್ಯ ಯಾವ ದಂಡನಾಯಕನಿಗೂ ಸಿಕ್ಕಿರಲಾರದು. ದಂಡನಾಯಕ ಮಾತ್ರ ಅಲ್ಲಿಯವರೆಗೆ ದೀಪಾವಳಿಯ ಪಟಾಕಿಯನ್ನೂ ಉದ್ದನೆಯ ಊದುಬತ್ತಿಯಿಂದಲೇ ಹಚ್ಚಿ ಓಡುತ್ತಿದ್ದವನು.

ಹೊನ್ನಾಳಿಯಲ್ಲಿ ಆಗ ಒಂದು ರೈಫಲ್ ಕ್ಲಬ್ ಇತ್ತು. ಅದರ ಆಸ್ತಿ ಒಂದು ಬೋರ್ಡು, ಒಂದು ಬೀಗ, ಇಪ್ಪತ್ತೆರಡು ಬೋರಿನ ಎರಡು ರೈಫಲ್ಲು ಮತ್ತು ಒಬ್ಬ ಅಧ್ಯಕ್ಷರು. ಬೋರ್ ಎಂದರೆ ನಳಿಗೆಯ ಒಳಗಿನ ಅಗಲ; ಅಂಗುಲವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಎಷ್ಟು ಪಾಲು ಎಂಬ ಎಣಿಕೆ. ಇಪ್ಪತ್ತೆರಡು ಎಂದರೆ ಕಡಲೆಕಾಳಿಗಿಂತ ಸಣ್ಣ ಗುಂಡು. ಅಧ್ಯಕ್ಷರು ಅಕ್ಕಿ ಗಿರಣಿಯ ಮಾಲೀಕರು, ಗಿರಣಿಯ ಸದ್ದಿನಲ್ಲೇ ಬೆಳೆದದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದರು. ನಾನು ಕಾರ್ಯದರ್ಶಿ. ಗುರಿಗಾರಿಕೆಯಲ್ಲಿ ನನಗಿದ್ದ ಏಕೈಕ ಅರ್ಹತೆ ನನ್ನ ಕೈಬರಹ.

ಗುರಿ ಕಲಿಸುವ ಹೊಣೆ ಮಾತ್ರ ಸುಬೇದಾರರದು. ಸೈನ್ಯದಿಂದ ನಿವೃತ್ತರಾಗಿ ಹುಟ್ಟೂರಾದ ನ್ಯಾಮತಿಗೆ ಬಂದಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರಾಚೆ ಕಲ್ಲು ತೆಗೆದು ಬಿಟ್ಟುಹೋಗಿದ್ದ ಕ್ವಾರಿಯಲ್ಲಿ ಮಣ್ಣಿನ ದಿಬ್ಬ ಹಾಕಿಸಿ, ಅದರ ಮುಂದೆ ಗಿರಣಿಯ ಹಳೆಯ ಗೋಣಿಚೀಲಗಳಲ್ಲಿ ಮರಳು ತುಂಬಿ ಪೇರಿಸಿ, ತಮ್ಮ ಕೈಯಾರೆ ಗುರಿಮೈದಾನ ಮಾಡಿದ್ದರು. ಭಾನುವಾರ ಬೆಳಿಗ್ಗೆ ಏಳಕ್ಕೆ ಎಂದರೆ ಏಳಕ್ಕೇ. ಏಳೂ ಐದಕ್ಕೆ ಬಂದವರಿಗೆ ಬೈಯುತ್ತಿರಲಿಲ್ಲ. “ಬರ್ರಿ, ಕೂತ್ಕೊಂಡು ನೋಡ್ರಿ, ಮುಂದಿನ ವಾರ ಹಾರಿಸೀರಂತೆ” ಎಂದು ಬಹಳ ಮರ್ಯಾದೆಯಿಂದ ಕೂರಿಸುತ್ತಿದ್ದರು. ಸ್ವತಃ ಅಧ್ಯಕ್ಷರೇ ಹೀಗೆ ಮೂರು ಭಾನುವಾರ ಗೌರವಾನ್ವಿತ ಪ್ರೇಕ್ಷಕರಾಗಿ ಕೂತಿದ್ದುಂಟು. ಅದನ್ನು ಅವರು ಮರೆತಿರಲಿಲ್ಲ ಎಂದು ಕಾಣುತ್ತದೆ.

ಆ ವರ್ಷ ಸುಬೇದಾರರು ಕಾಲಿಗೆ ತಂತಿ ಚುಚ್ಚಿಸಿಕೊಂಡು ನ್ಯಾಮತಿಯ ಸರ್ಕಾರಿ ಆಸ್ಪತ್ರೆಗೆ ಹೋದರು. ಅಲ್ಲಿ ಹೊಸದಾಗಿ ಬಂದಿದ್ದ ನರ್ಸಮ್ಮ ಸೂಜಿ ಚುಚ್ಚಿದರು. ಸುಬೇದಾರರು ನೇರ ಅಲ್ಲಿಂದ ಬಸ್ಸು ಹತ್ತಿ ಹೊನ್ನಾಳಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. “ತಮ್ಮಾ, ಸೂಜಿ ಹೋಗಿದ್ದೂ ಗೊತ್ತಾಗಲಿಲ್ಲ, ಬಂದಿದ್ದೂ ಗೊತ್ತಾಗಲಿಲ್ಲ. ಮೂವತ್ತು ವರ್ಷ ಹುಡುಗರ ಕೈ ನೋಡೀನಿ. ಹಿಂಗಿರೋ ಕೈ ಎರಡು ನೋಡಿಲ್ಲ.”

ಮುಂದಿನ ಭಾನುವಾರ ನರ್ಸಮ್ಮ ಕ್ವಾರಿಗೆ ಬಂದರು. ಇಪ್ಪತ್ತೈದು ಇಪ್ಪತ್ತಾರರ ಹೆಣ್ಣುಮಗಳು, ತ್ಯಾವಣಿಗೆಯ ಕಡೆಯವರು. ಊರವರು ಏನಂತಾರೆ ಎಂದು ನಾವೆಲ್ಲ ಅವರ ಪರವಾಗಿ ಚಿಂತಿಸುತ್ತಿದ್ದರೆ ಅವರು, “ಏನಂತಾರ್ರೀ? ಬಂದೂಕು ಹಿಡೀತಾಳೆ ಅಂತ ಗೊತ್ತಾದ್ರೆ ಹುಡುಗ್ರು ಇಂಜೆಕ್ಷನ್‌ಗೆ ಅಳೋದನ್ನಾದ್ರೂ ಬಿಡ್ತಾರೆ” ಎಂದು ಸೀರೆಯ ಸೆರಗು ಸಿಕ್ಕಿಸಿಕೊಂಡು ರೈಫಲ್ಲು ಹಿಡಿದು ಬೋರಲು ಮಲಗಿದರು. ಅವರ ಗುರಿಯ ಅನುಭವ ಊರಿನ ಅರ್ಧ ಜನಕ್ಕೆ ಅದಾಗಲೇ ಆಗಿತ್ತು. ಕಾಗದದ ಗುರಿಗೂ ಅಂದು ಆಯಿತು.

ಸುಬೇದಾರರು ಅವರಿಗೆ ಪಿಸ್ತೂಲೇ ಸರಿ ಎಂದು ನಿರ್ಧರಿಸಿದರು. ರಾಜ್ಯಮಟ್ಟದ ಸ್ಪರ್ಧೆಗೆ ಹೆಂಗಸರ ಪಿಸ್ತೂಲು ವಿಭಾಗದಲ್ಲಿ ನಮ್ಮ ಕಡೆಯಿಂದ ಒಬ್ಬರೂ ಹೋದವರಿರಲಿಲ್ಲ. ಕ್ಲಬ್ಬಿನಲ್ಲಿ ಪಿಸ್ತೂಲು ಇರಲಿಲ್ಲವಾದ್ದರಿಂದ ನೀರು ತುಂಬಿದ ಚೊಂಬಿನಿಂದ ಪಾಠ ಶುರುವಾಯಿತು. ಚೊಂಬಿನ ಕಂಠ ಹಿಡಿದು, ಒಂದೇ ಕೈಯನ್ನು ನೇರ ಚಾಚಿ, ನೀರು ಅಲುಗದ ಹಾಗೆ ನೂರು ಎಣಿಸುವುದು. ನಾನೂ ಒಮ್ಮೆ ಪ್ರಯತ್ನಿಸಿ ಮೂವತ್ತಕ್ಕೆ ಪ್ಯಾಂಟು ತೋಯಿಸಿಕೊಂಡೆ. ನರ್ಸಮ್ಮ ನೂರು ಎಣಿಸಿ, “ಇನ್ನೂ ಹಿಡೀಲಾ, ಇಲ್ಲ ಕುಡೀಲಾ?” ಎಂದು ಕೇಳಿದರು.

ಅವಸರಕ್ಕೆ ಕಾರಣವಿತ್ತು. ಸುಬೇದಾರರ ಕಣ್ಣು ಹೋಗುತ್ತಿತ್ತು. ಪೊರೆಯಾಗಿದ್ದರೆ ಕತ್ತರಿಸಿ ತೆಗೆಯುತ್ತಿದ್ದರು. ಇದು ನರ ಒಣಗುವ ಕಾಯಿಲೆ. ಬಲಗಣ್ಣು ಆಗಲೇ ಮುಕ್ಕಾಲು ಮಂಜು. ಎಡದ್ದು ಇನ್ನೊಂದು ವರ್ಷವೋ ಎರಡು ವರ್ಷವೋ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ಇದು ನನಗೊಬ್ಬನಿಗೆ ಗೊತ್ತಿತ್ತು. “ಒಬ್ಬರನ್ನ ತಯಾರು ಮಾಡಿ ಹೋಗಬೇಕು ತಮ್ಮಾ. ಹೆಚ್ಚಿಗೆ ಬೇಡ, ಒಬ್ಬರು. ಆಕೆ ಹಾರಿಸಿದ್ದು ಎಲ್ಲಿ ಬಿತ್ತು ಅಂತ ನನ್ನ ಕಣ್ಣಿಂದ ನೋಡಾಕೆ ಆಗಬೇಕು” ಎಂದಿದ್ದರು.

ನಾನು ಆರು ತಿಂಗಳು ಬರೆದ ಪತ್ರಗಳ ಫಲವಾಗಿ ಕ್ಲಬ್ಬಿಗೆ ಮಂಜೂರಾತಿ ಬಂತು. ಒಂದು ಕೈಬಂದೂಕು. ಒಂದೇ ಒಂದು. ಇನ್ನೊಂದಕ್ಕೆ ಮತ್ತೆ ಬರೆಯತಕ್ಕದ್ದಲ್ಲ ಎಂಬ ಒಕ್ಕಣೆಯೂ ಅದರಲ್ಲಿತ್ತು. ಮೂವತ್ತೆಂಟು, ಅದಕ್ಕೂ ಮೇಲಿನವು ಸರ್ಕಾರದ ಪೊಲೀಸು ಸೈನ್ಯಕ್ಕೆ ಮೀಸಲು, ನಮ್ಮಂಥವರಿಗಿಲ್ಲ. ಶಿವಮೊಗ್ಗದ ಬಂದೂಕಿನ ಅಂಗಡಿಯಲ್ಲಿ ಆಗ ಕೊಡಬಹುದಾದವು ಎರಡಿದ್ದವು, ಎರಡೂ ಹಿಂದೆ ಯಾರೋ ಬಳಸಿದ್ದವು. ಒಂದು, ಇಪ್ಪತ್ತೆರಡು ಬೋರಿನ ಗುರಿ ಪಿಸ್ತೂಲು. ಉದ್ದ ಮೂತಿ, ಕಪ್ಪು ಬಣ್ಣ, ಒಂದು ಸಲಕ್ಕೆ ಒಂದೇ ತೋಟಾ. ಇನ್ನೊಂದು, ಮೂವತ್ತೆರಡು ಬೋರಿನ ರಿವಾಲ್ವರು. ಆರು ತೋಟಾ, ನಿಕ್ಕಲ್ ಹೊಳಪು, ಮದುವೆ ಗಂಡಿನ ಹಾಗೆ. ಅಧ್ಯಕ್ಷರು ಶಿವಮೊಗ್ಗಕ್ಕೆ ಹೋಗಿ ಮದುವೆ ಗಂಡನ್ನು ನೋಡಿಬಂದಿದ್ದರು. ಇಷ್ಟವಾಗಿತ್ತು. ಯಾವುದೆಂದು ತೀರ್ಮಾನಿಸಬೇಕಾದ್ದು ಮಾತ್ರ ಕ್ಲಬ್ಬಿನ ಸಮಿತಿ.

ಇಲ್ಲಿ ನನ್ನ ಸ್ವಂತ ವಿಷಯವನ್ನೂ ಹೇಳಬೇಕು. ನನ್ನ ಊರು ಜಗಳೂರು ತಾಲ್ಲೂಕಿನ ಬಿಳಿಚೋಡು. ಅಲ್ಲಿ ನನ್ನ ತಾಯಿಗೆ ಲಕ್ವ ಹೊಡೆದು ಎಡಮೈ ಬಿದ್ದುಹೋಗಿತ್ತು. ಮದುವೆಯಾಗಿ ವರ್ಷ ತುಂಬದ ನನ್ನ ಹೆಂಡತಿ ಒಬ್ಬಳೇ ಆಕೆಯನ್ನು ಎತ್ತಿ ಇಳಿಸುತ್ತಿದ್ದಳು. ನಾನು ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ಹೋಗಿ, ಒಂದು ರಾತ್ರಿ ಅಪರಾಧಿಯ ಹಾಗೆ ಮಲಗೆದ್ದು ಬರುತ್ತಿದ್ದೆ. ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. ಸೂರ್ಯನನ್ನು ಪಶ್ಚಿಮದಲ್ಲಿ ಹುಟ್ಟಿಸಬಹುದು, ಗುಮಾಸ್ತನನ್ನು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ದಾಟಿಸುವುದು ಹಾಗಲ್ಲ. ನನ್ನ ವರ್ಗಾವಣೆಯ ಅರ್ಜಿ ಎರಡು ವರ್ಷದಿಂದ ಮೇಲಿನ ಯಾವುದೋ ಕಚೇರಿಯಲ್ಲಿ ವಿಶ್ರಾಂತಿ ಪಡೆಯುತ್ತಿತ್ತು. ಅಧ್ಯಕ್ಷರಿಗೆ ಮೇಲಿನವರು ಗೊತ್ತಿದ್ದರು.

ಒಂದು ಮಧ್ಯಾಹ್ನ ಅವರು ಕಚೇರಿಗೇ ಬಂದು, ಇಡೀ ವಿಭಾಗಕ್ಕೆ ಕೇಳುವಂಥ ಪಿಸುದನಿಯಲ್ಲಿ ಹೇಳಿದರು: “ಏನ್ರೀ ಗುಮಾಸ್ತ್ರೇ, ನಿಮ್ಮ ತಾಯಿಯವರ ಸಮಾಚಾರ ಕೇಳಿದೆ. ಪಾಪ. ನಿಮ್ಮ ಕಾಗದ ನಾನು ನಡೆಸ್ತೀನಿ ಬಿಡ್ರಿ. ಭಾನುವಾರದ ಮೀಟಿಂಗಲ್ಲಿ ನೀವು ನನ್ನ ಕಡೆ ಇರ್ತೀರಲ್ಲ?”

ನಾನು ಏನೂ ಹೇಳಲಿಲ್ಲ. ಗುಮಾಸ್ತ ಏನೂ ಹೇಳದಿದ್ದರೆ ಹೂಂ ಎಂದೇ ಅರ್ಥ. ಅದು ಆಡಳಿತದ ಮೂಲತತ್ವ.

ಶನಿವಾರ ಸಂಜೆ ನ್ಯಾಮತಿಗೆ ಹೋದೆ. ಸುಬೇದಾರರು ಎಂದಿನಂತೆ ಚಿಂದಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ತಾಯಿಯ ವಿಷಯ, ಅರ್ಜಿಯ ವಿಷಯ, ಅಧ್ಯಕ್ಷರು ಬಂದು ಕಾಗದ ನಡೆಸುತ್ತೇನೆ ಎಂದ ವಿಷಯ ಎಲ್ಲ ಹೇಳಿದೆ. ಅದಕ್ಕೆ ಪ್ರತಿಯಾಗಿ ಏನು ಕೇಳಿದರು ಎಂಬ ಕೊನೆಯ ವಾಕ್ಯವೊಂದನ್ನು ಮಾತ್ರ ಹೇಳಲಿಲ್ಲ. ಅವರು ಕೇಳುತ್ತಾ ನಳಿಗೆ ಒರೆಸುತ್ತಿದ್ದರು. ಆಮೇಲೆ ತಮಗೆ ತಾವೇ ಹೇಳಿಕೊಂಡ ಹಾಗೆ ಮಾತಾಡಿದರು.

“ನಿನಗೊಂದು ಹೇಳ್ತೀನಿ, ಯಾರಿಗೂ ಹೇಳಬೇಡ. ನನಗೆ ಪಿಸ್ತೂಲು ಹಾರಿಸಾಕೆ ಬರಲ್ಲ.”

ನಾನು ನಕ್ಕೆ. ಅವರು ನಗಲಿಲ್ಲ.

“ಖರೇನೇ. ರೈಫಲ್ಲಾಗೆ ನಾನು ಪಲ್ಟಣಿಗೇ ಮೊದಲು. ಆದರೆ ಪಿಸ್ತೂಲು ಕಲಿಸ್ತೀವಿ ಅಂತ ಮೊದಲನೇ ದಿನಾನೇ ದೊಡ್ಡ ಬೋರಿನ ಸರ್ವಿಸ್ ರಿವಾಲ್ವರ್ ಕೈಗೆ ಕೊಟ್ರು. ನಾನೂ ಹುಡುಗ, ಹಿಗ್ಗಿ ಇಸ್ಕೊಂಡೆ. ಢಂ ಅಂತು. ಕೈ ಹಣೆಗೆ ಬಂತು. ಎರಡನೇ ಗುಂಡಿಗೆ ಸದ್ದು ಬರೋದಕ್ಕಿಂತ ಮುಂಚೇನೇ ಕಣ್ಣು ಮುಚ್ಚಿಕೊಂತು. ಅವತ್ತಿಂದ ಇವತ್ತಿನ ತನಕ, ಸಣ್ಣದು ಕೊಟ್ರೂ ಮುಚ್ಚಿಕೊಳ್ತೈತೆ. ಅದು ನನ್ನ ಮಾತು ಕೇಳಲ್ಲ.”

ಚಿಂದಿಯನ್ನು ಮಡಿಸಿಟ್ಟರು.

“ಕಲಿಯೋರಿಗೆ ಸದ್ದು ಕೇಳಿಸಬಾರದು ತಮ್ಮಾ. ಸದ್ದಿಗೆ ಹೆದರಿದ ಮೇಲೆ ಕೈ ಕಣ್ಣಿನ ಮಾತು ಕೇಳಲ್ಲ, ಕಿವಿ ಮಾತು ಕೇಳ್ತೈತೆ. ಇಪ್ಪತ್ತೆರಡು ಅಂದ್ರೆ ಒದೆಯೋದಿಲ್ಲ, ಬೆಚ್ಚಿಸೋದಿಲ್ಲ. ತಪ್ಪಿದ್ರೆ ಯಾಕೆ ತಪ್ಪಿತು ಅಂತ ತಿಳೀತೈತೆ. ರೈಫಲ್ಲಿಗೆ ಬರೋ ತೋಟಾನೇ ಅದಕ್ಕೂ ಆಗ್ತೈತೆ, ವಾರಕ್ಕೆ ಐವತ್ತು ಹಾರಿಸಬಹುದು. ಮೂವತ್ತೆರಡಕ್ಕೆ ವರ್ಷಕ್ಕೆ ಕೊಡೋ ತೋಟಾ ಎಣಿಸಿದ್ರೆ ತಿಂಗಳಿಗೆ ಹತ್ತು ಬರಲ್ಲ. ಹತ್ತರಾಗೆ ಏನು ಕಲೀತಾಳೆ, ಹೆದರೋದು ಕಲೀತಾಳೆ. ಎರಡು ವರ್ಷ ಇಪ್ಪತ್ತೆರಡು ಹಾರಿಸಿದ ಮೇಲೆ ಬೇಕಾದ್ರೆ ಫಿರಂಗಿ ಕೊಡ್ಲಿ, ಆಕೆ ಕಣ್ಣು ಮುಚ್ಚಲ್ಲ.”

ಅಷ್ಟು ಸ್ಪಷ್ಟವಾಗಿ ಯಾವ ಸರ್ಕಾರಿ ಆದೇಶವೂ ನನಗೆ ಅರ್ಥವಾಗಿರಲಿಲ್ಲ. ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಭಾನುವಾರ ಅಂಗಡಿಯವರ ಕಡೆಯ ಮನುಷ್ಯ ಎರಡನ್ನೂ ಪೆಟ್ಟಿಗೆಯಲ್ಲಿಟ್ಟು, ಅನುಮತಿ ಪತ್ರದ ಸಮೇತ ಕ್ವಾರಿಗೆ ತಂದ. ಅಂದಿನ ಪರೀಕ್ಷೆ ಐತಿಹಾಸಿಕವಾದದ್ದು. ಮೊದಲು ಅಧ್ಯಕ್ಷರು. ರಿವಾಲ್ವರನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಕಾಲು ಅಗಲಿಸಿ ನಿಂತು ಆರು ಗುಂಡು ಹಾರಿಸಿದರು. ಕ್ವಾರಿಯ ಗೋಡೆಗಳು ಸದ್ದನ್ನು ಒಂದಕ್ಕೆ ನಾಲ್ಕು ಮಾಡಿ ಹಿಂದಿರುಗಿಸಿದವು. ಪಾರಿವಾಳಗಳು ಎದ್ದವು, ದೂರದಲ್ಲಿ ನಾಯಿಗಳು ಬೊಗಳಿದವು, ಹೊಲದಲ್ಲಿದ್ದ ನಾಲ್ಕು ಜನ ಓಡಿಬಂದು ಕ್ವಾರಿಯ ಅಂಚಿನಲ್ಲಿ ನಿಂತರು. ಗುರಿಯ ಕಾಗದ ಮಾತ್ರ ಅಂಗಡಿಯಿಂದ ಬಂದಷ್ಟೇ ಹೊಸದಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ನರ್ಸಮ್ಮ ಇಪ್ಪತ್ತೆರಡನ್ನು ಹಿಡಿದರು. ಸುಬೇದಾರರು ಅವರ ಹಿಂದೆ ನಿಂತು, “ಅವಸರ ಇಲ್ಲ ಸಿಸ್ಟರ್. ಉಸಿರು ಅರ್ಧ ಬಿಡ್ರಿ. ಟ್ರಿಗರ್ ಎಳೀಬೇಡ್ರಿ, ಒತ್ತಿ. ಯಾವಾಗ ಹಾರಿತು ಅಂತ ನಿಮಗೇ ಗೊತ್ತಾಗಬಾರದು” ಎಂದರು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಐದು ಸಲ ಚಟ್ ಎಂದಿತು. ಕಾಗದ ತಂದು ನೋಡಿದರೆ ಐದು ತೂತುಗಳನ್ನು ಒಂದು ವೀಳ್ಯದೆಲೆಯಿಂದ ಮುಚ್ಚಬಹುದಾಗಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾರಿಸಿ ಮುಗಿಯಿತು ಎಂದೇ ಯಾರಿಗೂ ಗೊತ್ತಾಗಿರಲಿಲ್ಲ. ಸುಬೇದಾರರು ಕಾಗದವನ್ನು ಎಡಗಣ್ಣಿನ ಹತ್ತಿರ ಹಿಡಿದು, ಓರೆ ಮಾಡಿ, ಒಂದೊಂದು ತೂತನ್ನೂ ಬೆರಳಿಂದ ಮುಟ್ಟಿ ನೋಡಿದರು. ನರ್ಸಮ್ಮ, “ಹನ್ನೊಂದಕ್ಕೆ ಲಸಿಕೆ ಐತೆ, ಬರ್ತೀನ್ರಿ. ಕಪ್ಪಂದೇ ತಗೊಳ್ರಿ, ಇದು ನನ್ನ ಕೈಗೆ ಕೂತೈತೆ” ಎಂದು ಹೇಳಿ ಹೊರಟರು. ಸಮಿತಿಯಲ್ಲಿ ಅವರಿರಲಿಲ್ಲ. ಹೆಂಗಸರನ್ನು ಸಮಿತಿಗೆ ಸೇರಿಸಿಕೊಳ್ಳಬಾರದೆಂಬ ನಿಯಮವೇನೂ ಇರಲಿಲ್ಲ. ನಿಯಮ ಬೇಕಾಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಸಭೆ ಹೊನ್ನಾಳಿಯಲ್ಲಿ, ಗಿರಣಿಯ ಕಚೇರಿಯಲ್ಲಿ. ನಾವು ಏಳು ಜನ. ಅಧ್ಯಕ್ಷರು ವಿಷಯ ಮಂಡಿಸಿದರು.

“ನೋಡ್ರಿ, ಆಯುಧಪೂಜೆ ಹತ್ರ ಬಂತು. ಕ್ಲಬ್ಬಿನ ಆಯುಧ ಅಂತ ಪೂಜೆ ಮಾಡಿ ಒಂದು ಹಾರಿಸಿದ್ರೆ ಊರಿಗೆ ಕೇಳಬೇಕು. ಆ ಕರೇದು ಹಾರಿಸಿದ್ರೆ ಪೂಜಾರಿಗೂ ಕೇಳಲ್ಲ!”

ಸಭೆ ನಕ್ಕಿತು. ಸುಬೇದಾರರು ಎದ್ದು, ತೋಟಾ ಎಷ್ಟು ಸಿಗುತ್ತದೆ, ಕಲಿಯುವ ಕೈಗೆ ಯಾವುದು ಸರಿ ಎಂದು ನಾಲ್ಕು ಮಾತು ಹೇಳಿ ಕೂತರು. ತಮ್ಮ ಕಣ್ಣಿನ ಸುದ್ದಿಯನ್ನಾಗಲಿ, ತಾವು ಕಣ್ಣು ಮುಚ್ಚುವ ಗುಟ್ಟನ್ನಾಗಲಿ ಎತ್ತಲಿಲ್ಲ. ಎತ್ತಿದ್ದರೆ ಗೆಲ್ಲುತ್ತಿದ್ದರೇನೋ.

ದನದ ಡಾಕ್ಟರು ಮತ್ತು ಹೆಡ್ಮಾಸ್ತರು ಇಪ್ಪತ್ತೆರಡಕ್ಕೆ ಎಂದು ಮೊದಲೇ ಬಾಯಿಬಿಟ್ಟು ಹೇಳಿದ್ದರು. ಸುಬೇದಾರರು ಸೇರಿ ಮೂರು. ಅಧ್ಯಕ್ಷರ ಕಡೆ ಅವರೂ ಇಬ್ಬರು ವ್ಯಾಪಾರಸ್ಥರೂ ಮೂರು. ಲೆಕ್ಕದಲ್ಲಿ ನಾನೊಬ್ಬ ಉಳಿದಿದ್ದೆ.

“ಮೂವತ್ತೆರಡಕ್ಕೆ ಇರೋರು ಕೈ ಎತ್ರಿ” ಎಂದರು ಅಧ್ಯಕ್ಷರು.

ಮೂರು ಕೈ ಎದ್ದವು. ಅಧ್ಯಕ್ಷರು ಕೈ ಇಳಿಸದೆ ನನ್ನ ಕಡೆ ನೋಡಿದರು. ಉಳಿದವರೂ ನೋಡಿದರು. ನನ್ನ ಎರಡು ಕೈಗಳೂ ನಡವಳಿ ಪುಸ್ತಕದ ಮೇಲೆ ಇದ್ದವು. ಬಲಗೈಯಲ್ಲಿ ಪೆನ್ನಿತ್ತು. ಬಿಳಿಚೋಡಿನ ಮನೆಯ ಹಾಸಿಗೆ ಕಾಣಿಸುತ್ತಿತ್ತು, ಸುಬೇದಾರರು ಬೆರಳಿಂದ ಮುಟ್ಟಿ ನೋಡಿದ ಆ ಐದು ತೂತುಗಳೂ ಕಾಣಿಸುತ್ತಿದ್ದವು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ... ಗಿರಣಿಯ ಬೆಲ್ಟು ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು.

ಆಗ ಸುಬೇದಾರರು ಕೈ ಎತ್ತಿದರು. ಚೊಂಬು ಹಿಡಿಯುವಷ್ಟೇ ನೇರವಾಗಿ, ಅಲುಗದೆ.

“ನನ್ನದೂ ಮೂವತ್ತೆರಡೇ ಅಂತ ಬರ್ಕೊ. ನಾಲ್ಕಾತು” ಎಂದರು. ಅಧ್ಯಕ್ಷರೇ ತಬ್ಬಿಬ್ಬಾದರು. “ಯಾಕ್ರೀ ಸುಬೇದಾರ್ರೇ, ಮನಸ್ಸು ಬದಲಾತಾ?” ಎಂದದ್ದಕ್ಕೆ, “ಹೌದ್ರಿ. ಹೊಳಪು ಚೆನ್ನಾಗೈತೆ” ಎಂದರು. ಇಪ್ಪತ್ತೆರಡಕ್ಕೆ ಯಾರೆಂದು ಕೇಳುವ ಗೋಜಿಗೇ ಯಾರೂ ಹೋಗಲಿಲ್ಲ. ನನ್ನ ಕೈ ಎತ್ತುವ ಪ್ರಸಂಗವೇ ಬರಲಿಲ್ಲ. ನಾನು ನನ್ನ ಸುಂದರ ಅಕ್ಷರದಲ್ಲಿ, ಸರ್ವಾನುಮತದಿಂದ ತೀರ್ಮಾನಿಸಲಾಯಿತು ಎಂದು ಬರೆದೆ.

ಆಚೆ ಬಂದಾಗ ಅವರು ಸೈಕಲ್ಲಿನ ಬೀಗ ತಡಕಾಡುತ್ತಿದ್ದರು. ನಾನು ಬೀಗ ತೆಗೆದುಕೊಟ್ಟೆ. ಏನಾದರೂ ಹೇಳಬೇಕಿತ್ತು. ಅವರೇ, “ನಿಮ್ಮ ಅಮ್ಮನ್ನ ಬಲಮಗ್ಗುಲಿಗೆ ಹೊರಳಿಸಿ ಮಲಗಿಸ್ರಿ ಅಂತ ಹೇಳು ಮನೇಲಿ. ಬೆನ್ನು ಹುಣ್ಣಾಗಬಾರದು” ಎಂದು ಸೈಕಲ್ ಹತ್ತಿ ಹೋದರು.

ಆಯುಧಪೂಜೆ ವಿಜೃಂಭಣೆಯಿಂದ ನಡೆಯಿತು. ರಿವಾಲ್ವರಿಗೆ ಕುಂಕುಮವೇನು, ಸೇವಂತಿಗೆಯೇನು. ಉತ್ಸಾಹದಲ್ಲಿ ಯಾರೋ ನಳಿಗೆಯ ಬಾಯಿಗೂ ಗಂಧ ಮೆತ್ತಿದ್ದರಿಂದ, ಸುಬೇದಾರರು ಮುಹೂರ್ತ ತಡೆದು ಅರ್ಧ ಗಂಟೆ ಅದನ್ನು ಬಿಡಿಸಿ ಒರೆಸಿದರು. ಇಲ್ಲದಿದ್ದರೆ ನಮ್ಮ ಕ್ಲಬ್ಬಿನ ಇತಿಹಾಸ ಅಂದೇ ಮುಗಿಯುತ್ತಿತ್ತು. ಒಂದು ಗುಂಡು ಮಣ್ಣಿನ ದಿಬ್ಬಕ್ಕೆ ಹಾರಿತು. ಊರಿಗೆ ಕೇಳಿಸಿತು.

ನರ್ಸಮ್ಮ ನಾಲ್ಕು ಭಾನುವಾರ ಬಂದರು. ಮೊದಲ ವಾರ ಮೂವತ್ತೆರಡರಲ್ಲೂ ಎರಡು ಗುಂಡು ನಡುವಿಗೇ ಬಿದ್ದವು. ಎರಡನೆಯ ವಾರ ತೂತುಗಳು ಕಾಗದದ ಅಂಚಿಗೆ ಸರಿದವು. ಮೂರನೆಯ ವಾರ ಸುಬೇದಾರರು ಅವರಿಗೆ ಗೊತ್ತಾಗದ ಹಾಗೆ ನಡುವೆ ಒಂದು ಖಾಲಿ ತೋಟಾ ಸೇರಿಸಿ ಕೊಟ್ಟರು. ಟ್ರಿಗರ್ ಒತ್ತಿದಾಗ ಗುಂಡು ಹಾರಲಿಲ್ಲ, ಸದ್ದಾಗಲಿಲ್ಲ. ಆದರೂ ನರ್ಸಮ್ಮನ ಕಣ್ಣು ಮುಚ್ಚಿತು, ಮಣಿಕಟ್ಟು ಕುಸಿಯಿತು. ಸುಬೇದಾರರು ಅದನ್ನು ನೋಡಿದರು. ಅಷ್ಟು ನೋಡುವಷ್ಟು ಕಣ್ಣು ಅವರಿಗೆ ಇನ್ನೂ ಇತ್ತು.

ನಾಲ್ಕನೆಯ ವಾರ ನರ್ಸಮ್ಮ ಹಾರಿಸಲು ನಿಲ್ಲಲಿಲ್ಲ. “ನಿನ್ನೆ ಒಂದು ಕೂಸಿಗೆ ಸೂಜಿ ಹಾಕುವಾಗ ಕೈ ಅದರಿತು ಸುಬೇದಾರ್ರೇ. ಬಾಗಿಲು ಬಡಕೊಂತು, ಅಷ್ಟಕ್ಕೇ. ನನಗೆ ಈ ಕೈ ಬೇಕ್ರಿ. ಇದರಿಂದಾನೇ ನಾನು ಉಣ್ಣೋದು.” ಸುಬೇದಾರರು ಅಟೆನ್ಷನ್ ನಿಂತು ಸೆಲ್ಯೂಟ್ ಹೊಡೆದರು. ನರ್ಸಮ್ಮ ನಗಲಿಲ್ಲ. ಆಕೆ ಕ್ವಾರಿಯ ಏರು ಹತ್ತಿ ಹೋಗುವವರೆಗೂ ಸುಬೇದಾರರು ಕೈ ಇಳಿಸಲಿಲ್ಲ.

ನನ್ನ ವರ್ಗಾವಣೆಯ ಆದೇಶ ಯುಗಾದಿಗೆ ಮುಂಚೆ ಬಂತು. ಅಧ್ಯಕ್ಷರು ಮಾತು ಉಳಿಸಿಕೊಂಡಿದ್ದರು. ಅವರನ್ನು ದೂರುವ ಹಾಗಿಲ್ಲ. ಜಗಳೂರು ಕಚೇರಿಗೆ ಬಿಳಿಚೋಡಿನಿಂದ ಸೈಕಲ್ಲು, ಬಸ್ಸು ಏನೋ ಒಂದರಲ್ಲಿ ಹೋಗಿಬರುತ್ತಿದ್ದೆ. ತಾಯಿ ಇನ್ನೂ ನಾಲ್ಕು ವರ್ಷ ಬದುಕಿದ್ದಳು. ನಾಲ್ಕು ವರ್ಷ ಸಂಜೆಯ ಗಂಜಿಯನ್ನು ನನ್ನ ಕೈಯಿಂದಲೇ ಕುಡಿದಳು. ಆ ನಾಲ್ಕು ವರ್ಷ ಬೇಡವಾಗಿತ್ತು ಎಂದು ಬರೆಯಲು ಈಗಲೂ ನನ್ನಿಂದಾಗದು. ಕಷ್ಟ ಇರುವುದು ಅಲ್ಲೇ.

ಸುಬೇದಾರರಿಗೆ ಒಂದು ಕಾಗದ ಬರೆದೆ. ಉತ್ತರ ಬಂತು, ಬೇರೆ ಯಾರದೋ ಕೈಬರಹದಲ್ಲಿ: ಕ್ಲಬ್ಬು ಚೆನ್ನಾಗಿದೆ, ತಾಯಿಯವರು ಹೇಗಿದ್ದಾರೆ, ಬೆನ್ನು ನೋಡಿಕೊಳ್ಳತಕ್ಕದ್ದು. ಎರಡನೆಯ ಕಾಗದ ಬರೆಯಬೇಕೆಂದು ಬಹಳ ದಿನ ಅಂದುಕೊಂಡೆ. ಎಂಬತ್ತರ ದಶಕದ ಮೊದಲಲ್ಲಿ ಹೊನ್ನಾಳಿಯ ಹಳೆಯ ಸಹೋದ್ಯೋಗಿಯೊಬ್ಬ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, ಬೇರೆ ಏನೇನೋ ಮಾತಿನ ನಡುವೆ, ಸುಬೇದಾರರು ಹೋಗಿ ಎರಡು ತಿಂಗಳಾಯಿತಲ್ಲ, ನಿಮಗೆ ಗೊತ್ತಿಲ್ಲವಾ ಎಂದ. ಅವನ ಬಸ್ಸು ಬಂತು.

ಇಷ್ಟು ಬರೆದು ನಿಲ್ಲಿಸಿದ್ದೆ. ಸುಬೇದಾರರ ದೊಡ್ಡತನ, ನನ್ನ ಸಣ್ಣತನ, ಎರಡೂ ದಾಖಲಾದವು, ಕಡತ ಮುಗಿಯಿತು ಎಂದುಕೊಂಡೆ. ಆದರೆ ನರ್ಸಮ್ಮ ನಿವೃತ್ತರಾಗಿ ತ್ಯಾವಣಿಗೆಯಲ್ಲಿ ತಂಗಿಯ ಮನೆಯಲ್ಲಿದ್ದಾರೆಂದು ಯಾರೋ ಹೇಳಿದರು. ಚನ್ನಗಿರಿಯಿಂದ ಎಷ್ಟು ದೂರ? ಮೊನ್ನೆ ಗುರುವಾರ ಹೋದೆ.

ಅಂಗಳದಲ್ಲಿ ಬಟ್ಟೆ ಮಡಿಸುತ್ತಿದ್ದ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಹೊನ್ನಾಳಿ ಗುಮಾಸ್ತ್ರಲ್ವಾ? ಕೂದಲು ಹೋದ್ರೂ ನಿಲ್ಲೋದು ಹಂಗೇ ಐತೆ ನೋಡ್ರಿ, ಬಗಲಾಗೆ ಫೈಲು ಇಟ್ಕೊಂಡಂಗೆ.” ಕೂರಿಸಿದರು. ಬಿಪಿ, ಮಂಡಿನೋವು, ಮಕ್ಕಳು ಎಲ್ಲ ವಿಚಾರಣೆ ಆಯಿತು. ಆಮೇಲೆ ಅವರೇ ಮಾತು ತೆಗೆದರು.

“ನಿಮ್ಮ ಮೇಲೆ ನನಗೆ ಯಾವತ್ತೂ ಸಿಟ್ಟಿಲ್ಲ ಬಿಡ್ರಿ. ಅವತ್ತು ನೀವು ಇಪ್ಪತ್ತೆರಡೇ ಬೇಕು ಅಂತ ಗಟ್ಟಿ ಕೂತಿದ್ರಂತೆ.”

“ಯಾರು ಹೇಳಿದ್ರು?”

“ಅವರೇ. ಸುಬೇದಾರ್ರು. ಯಾಕೆ ಹಿಂಗೆ ಮಾಡಿದ್ರಿ ಅಂತ ಕೇಳಿದೆ. ‘ನಾನೇ ಸಿಸ್ಟರ್, ಮೂವತ್ತೆರಡಕ್ಕೆ ಕೈ ಎತ್ತಿದ್ದು ನಾನೇ, ಆ ಹೊಳಪು ನೋಡಿ ನನಗೂ ಆಸೆ ಆತು. ಗುಮಾಸ್ತ ಬೇಡ ಬೇಡ ಅಂದ, ನಾನು ಕೇಳಲಿಲ್ಲ’ ಅಂದ್ರು.” ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಿಸಿದರು. “ಎಷ್ಟು ಸಿಟ್ಟು ಬಂದಿತ್ತು ಅಂತೀರಿ. ಎಲ್ಲಾ ಗೊತ್ತಿದ್ದ ಮನುಷ್ಯ... ಆಮೇಲೆ ನನಗೆ ನಲ್ಲೂರಿಗೆ ವರ್ಗ ಆತು. ಅವರ ಕಣ್ಣು ಹೋದವು, ಒಬ್ರೇ ಇದಾರೆ ಅಂತ ಕೇಳಿದೆ. ಎರಡು ಸಲ ಬಸ್ಸಾಗೆ ನ್ಯಾಮತಿ ಹಾಯ್ದು ಹೋದೆ. ಇಳೀಲಿಲ್ಲ ನಾನು.”

ಮೂವತ್ತಾರು ವರ್ಷದ ನೌಕರಿಯಲ್ಲಿ ನಾನು ಅಷ್ಟು ಅಸ್ತವ್ಯಸ್ತವಾದ ವರದಿಯನ್ನು ಯಾರಿಗೂ ಒಪ್ಪಿಸಿದವನಲ್ಲ. ಹಿಂದುಮುಂದಾಗಿ ಹೇಳಿದೆ. ಅಧ್ಯಕ್ಷರು ಕಚೇರಿಗೆ ಬಂದದ್ದು, ತಾಯಿ, ಅರ್ಜಿ, ಶನಿವಾರದ ಸಂಜೆ, ಮೂರು ಕೈಗಳು, ನನ್ನ ಪೆನ್ನು, ಆಮೇಲೆ ಎದ್ದ ನಾಲ್ಕನೆಯ ಕೈ. ಸುಬೇದಾರರು ಕಣ್ಣು ಮುಚ್ಚುತ್ತಿದ್ದ ಗುಟ್ಟನ್ನೂ ಹೇಳಿಬಿಟ್ಟೆ.

ನರ್ಸಮ್ಮ ಮಡಿಸಿದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿದರು. ತಂಗಿ ತಂದಿಟ್ಟ ಕಾಫಿಯ ಮೇಲೆ ಕೆನೆ ಕಟ್ಟಿತು. ನನ್ನನ್ನು ಬೈದಿದ್ದರೆ ಎಷ್ಟೋ ಸುಲಭವಿತ್ತು.

“ಕೊನೇಗೆ ಅವರ ಹತ್ರ ಯಾರಿದ್ರು?” ಎಂದು ಕೇಳಿದರು.

“ಗೊತ್ತಿಲ್ಲ ಸಿಸ್ಟರ್.”

“ನೀವು ಎಲ್ಲಿದ್ರಿ?”

“ನಾನು ಜಗಳೂರಲ್ಲಿದ್ದೆ” ಎಂದೆ.